ಎಕ್ಸ್-ರೇಗೆ ಕಾಣದ ಗಾಯ

ಮೋಟಾರು ಅಪಘಾತದಲ್ಲಿ ಮಗುವಿನ ಕೈ ಮುರಿದರೆ ಎಕ್ಸ್-ರೇ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಆದರೆ ಮೈಮೇಲೆ ಸಣ್ಣ ಗೀರಿನೊಡನೆ ಮನೆಗೆ ಮರಳಿದ ಮಗು ನಡುರಾತ್ರಿ ಕಿರಿಚಿ ಏಳತೊಡಗಿದರೆ, ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸಕ್ಕೆ ಮರಳಿದರೆ, ಕಾರನ್ನು ಕಂಡೊಡನೆ ತಾಯಿಯ ಸೆರಗನ್ನು ಬಿಗಿಹಿಡಿದರೆ, ಆ ನೋವಿಗೆ ಸಾಕ್ಷಿ ಯಾರು? ಅದಕ್ಕೆ ವಿಮೆಯ ಹಣ ದೊರೆಯುವುದೆ?

ದೊರೆಯಬಹುದು, ಆದರೆ ತಾನಾಗಿ ದೊರೆಯದು.

ನಮ್ಮ ದೇಶದಲ್ಲಿ ಮೋಟಾರು ವಾಹನಗಳಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಷ್ಟೆ. ಅನ್ಯರ ವಾಹನದಿಂದ ಗಾಯಗೊಂಡ ಮಗುವಿನ ಪರವಾಗಿ ತಾಯಿತಂದೆಗಳು 1988ರ ಮೋಟಾರು ವಾಹನ ಕಾಯಿದೆಯಂತೆ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಪರಿಹಾರವೆಂದರೆ ಔಷಧಿಯ ಖರ್ಚು ಮಾತ್ರವಲ್ಲ. ಮಾನಸಿಕ ಆಘಾತವೂ ಅದರಲ್ಲಿ ಸೇರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಹೇಳಿದೆ.

ದುಡಿಯುವವರ ನಷ್ಟವನ್ನು ಸಂಪಾದನೆಯಿಂದ ಅಳೆಯಬಹುದು. ಸಂಪಾದನೆಯೇ ಇಲ್ಲದ ಮಕ್ಕಳಿಗೆ ಆ ಲೆಕ್ಕ ಹೊಂದದು. ಕರ್ನಾಟಕದ ಬಾಲಕನೊಬ್ಬನ ಮೇಲ್ಮನವಿಯಲ್ಲಿ ಅದೇ ನ್ಯಾಯಾಲಯವು 2013ರಲ್ಲಿ ಮಕ್ಕಳಿಗಾಗಿ ಬೇರೊಂದು ಕ್ರಮವನ್ನು ತೋರಿತು: ಶಾಶ್ವತ ಊನವು ಶೇಕಡ 10ರವರೆಗೆ ಇದ್ದರೆ 1 ಲಕ್ಷ ರೂಪಾಯಿ, 10ರಿಂದ 30ರವರೆಗೆ 3 ಲಕ್ಷ, 90ನ್ನು ಮೀರಿದರೆ 6 ಲಕ್ಷ, ಚಿಕಿತ್ಸೆಯ ವೆಚ್ಚ ಬೇರೆ. ಮಾನಸಿಕ ಆಘಾತವೂ ಈ ಮೊತ್ತದಲ್ಲಿ ಅಡಕವಾಗಿದೆ.

ತೊಡಕಿರುವುದು ಇಲ್ಲಿಯೇ. ಅಳತೆಗೋಲು ಶರೀರದ ಊನ. ಮನಸ್ಸಿಗೆ ಮಾತ್ರ ಪೆಟ್ಟು ಬಿದ್ದ ಮಗುವಿಗೆ ಶೇಕಡಾವಾರು ಪ್ರಮಾಣಪತ್ರ ದೊರೆಯುವುದು ಸುಲಭವಲ್ಲ. ಆಗ ಆಧಾರವಾಗಬಲ್ಲದ್ದು ವೈದ್ಯರ ಬರಹವೊಂದೇ.

"ಚಿಕ್ಕ ಮಗು, ಮರೆತುಬಿಡುತ್ತದೆ" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಎಷ್ಟೋ ಮಕ್ಕಳ ಭಯ ಕೆಲವು ವಾರಗಳಲ್ಲಿ ಇಳಿಯುವುದೂ ನಿಜ. ಆದರೆ ತಿಂಗಳು ಕಳೆದರೂ ಇಳಿಯದಿದ್ದರೆ, ಆಟದಲ್ಲಿಯೂ ಮಗು ಆ ಡಿಕ್ಕಿಯನ್ನೇ ಮತ್ತೆ ಮತ್ತೆ ಆಡುತ್ತಿದ್ದರೆ, ಮಕ್ಕಳ ಮನೋವೈದ್ಯರಿಗೆ ತೋರಿಸುವುದು ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿ ಪ್ರತ್ಯೇಕ ವಿಭಾಗವೇ ಇದೆ. ಕೆಲವು ಮಕ್ಕಳಲ್ಲಿ ಲಕ್ಷಣಗಳು ತಡವಾಗಿ ತಲೆದೋರುತ್ತವೆ. ಅರ್ಜಿಗಾದರೋ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅಪಘಾತದ ದಿನದಿಂದ ಆರು ತಿಂಗಳ ಗಡುವನ್ನು ವಿಧಿಸಿದೆ. ಆದುದರಿಂದ ಕಾದು ನೋಡುವುದಕ್ಕೂ ಒಂದು ಮಿತಿಯಿರಬೇಕು.

ಮಗುವಿನ ನಿದ್ದೆ, ಊಟ, ಶಾಲೆಗೆ ಹೋಗಲು ಹಟ ಇವುಗಳನ್ನು ತಾರೀಖಿನೊಡನೆ ಬರೆದಿಡುವುದು, ವೈದ್ಯರ ಚೀಟಿ ಮತ್ತು ರಸೀದಿಗಳನ್ನು ಜೋಪಾನ ಮಾಡುವುದು ವಿಹಿತ. ಕೈಮುರಿತದ ಲೆಕ್ಕವೊಂದನ್ನೇ ಮುಂದಿಟ್ಟು ಬೇಗನೆ ರಾಜಿಯಾಗಲು ಕರೆ ಬಂದರೆ, ಮಗು ನೆಮ್ಮದಿಯಾಗಿ ನಿದ್ರಿಸುತ್ತಿದೆಯೆ ಎಂದು ನೋಡಿಯೇ ಸಹಿ ಹಾಕಬೇಕು.

ಮನೆಯ ಆರೋಗ್ಯ ವಿಮೆಯನ್ನೂ ಮರೆಯಲಾಗದು. ಮನೋರೋಗದ ಚಿಕಿತ್ಸೆಗೆ ದೇಹರೋಗದಷ್ಟೇ ಮನ್ನಣೆಯಿತ್ತು ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸುತ್ತದೆ. ಆದರೆ ಅನೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಲಷ್ಟೇ ಹಣ ಕೊಡುತ್ತವೆ. ಭಯಗೊಂಡ ಮಗುವಿಗೆ ಸಾಮಾನ್ಯವಾಗಿ ಬೇಕಾಗುವುದು ವಾರಕ್ಕೊಮ್ಮೆಯ ಆಪ್ತ ಸಮಾಲೋಚನೆ. ಅದಕ್ಕೆ ಪಾಲಿಸಿಯಲ್ಲಿ ಎಡೆಯುಂಟೆ ಎಂಬುದನ್ನು ಕಂತು ಕಟ್ಟುವ ಮೊದಲೇ ಓದಿ ತಿಳಿಯುವುದು ಒಳಿತು.