ಅರಿವು ಕೇಂದ್ರದ ವೈಫೈ: ಬಳಕೆದಾರರು ತಿಳಿದಿರಬೇಕಾದ ವಿಷಯಗಳು

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಒಳಪಟ್ಟವು. ಇಂದು ಅರಿವು ಕೇಂದ್ರಗಳೆಂದು ಕರೆಯಲ್ಪಡುವ ಇವುಗಳಲ್ಲಿ ಅನೇಕ ಕಡೆ ಪುಸ್ತಕ, ದಿನಪತ್ರಿಕೆಗಳ ಜೊತೆಗೆ ಕಂಪ್ಯೂಟರ್ ಹಾಗೂ ಅಂತರ್ಜಾಲ ಸೌಲಭ್ಯವೂ ಇದೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂದು, ಮನೆಯ ಮೊಬೈಲ್‌ನಲ್ಲಿ ಡೇಟಾ ಮುಗಿದಿರುವ ಸಂದರ್ಭದಲ್ಲಿ ವಿದ್ಯಾರ್ಥಿಗೆ ಹತ್ತಿರದ ಆಸರೆ ಈ ಗ್ರಂಥಾಲಯವೇ.

ಮೊದಲನೆಯದಾಗಿ, ಸಂಪರ್ಕದ ಹೆಸರನ್ನು ಗ್ರಂಥಾಲಯ ಮೇಲ್ವಿಚಾರಕರಿಂದಲೇ ಕೇಳಿ ತಿಳಿಯುವುದು ಸೂಕ್ತ. ಮೊಬೈಲ್‌ನಲ್ಲಿ ಕಾಣುವ ವೈಫೈ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಗ್ರಂಥಾಲಯದ ಹೆಸರನ್ನೇ ತನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಇಟ್ಟು ಹೊರಗಿನ ಜಗಲಿಯಲ್ಲಿ ಕುಳಿತವನನ್ನು ಮೊಬೈಲ್ ಗುರುತಿಸಲಾರದು.

ಕೆಲವೆಡೆ ಸಂಪರ್ಕಕ್ಕೆ ಮೊದಲು ಮೊಬೈಲ್ ಸಂಖ್ಯೆ ಕೇಳಿ ಒಟಿಪಿ ಕಳುಹಿಸಲಾಗುತ್ತದೆ. ಇದರಿಂದ ಗಾಬರಿಗೊಳ್ಳಬೇಕಾಗಿಲ್ಲ. ಸಾರ್ವಜನಿಕ ವೈಫೈ ಬಳಸುವವರ ಗುರುತು ದೊರೆಯುವಂತಿರಬೇಕೆಂದು ಕೇಂದ್ರ ದೂರಸಂಪರ್ಕ ಇಲಾಖೆ 2009ರಲ್ಲಿಯೇ ಸೂಚಿಸಿದೆ. ಆದರೆ ವೈಫೈ ಸಂಪರ್ಕಕ್ಕಾಗಿ ಬ್ಯಾಂಕ್ ಖಾತೆಯ ವಿವರವನ್ನಾಗಲಿ, ಎಟಿಎಂ ಅಥವಾ ಯುಪಿಐ ಪಿನ್ ಅನ್ನಾಗಲಿ ಕೇಳುವ ಪುಟ ಖಂಡಿತವಾಗಿ ಮೋಸದ್ದು.

ಜಾಲತಾಣದ ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಆರಂಭವಾದರೆ, ಕಳುಹಿಸುವ ಮಾಹಿತಿ ಗೂಢಲಿಪಿಯಲ್ಲಿ ಸಾಗುತ್ತದೆ. ನಡುವೆ ಇಣುಕುವವರಿಗೆ ಅದು ಅರ್ಥವಾಗದು. ಆದರೆ ನಕಲಿ ತಾಣಗಳೂ ಈ ಅಕ್ಷರಗಳನ್ನು ಹೊಂದಿರಬಲ್ಲವು. ಆದ್ದರಿಂದ ವಿಳಾಸದ ಕೊನೆಯನ್ನೂ ಗಮನಿಸಬೇಕು. ಸೇವಾ ಸಿಂಧು ಹಾಗೂ ರಾಜ್ಯ ವಿದ್ಯಾರ್ಥಿವೇತನ ತಾಣಗಳ ವಿಳಾಸ ‘ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್’ ಎಂದು ಮುಗಿಯುತ್ತದೆ. ಹಣ ಪಾವತಿಯ ಕೆಲಸಕ್ಕೆ ಮಾತ್ರ ಸ್ವಂತ ಮೊಬೈಲ್ ಡೇಟಾ ಬಳಸುವುದೇ ಕ್ಷೇಮ.

ವಾಸ್ತವದಲ್ಲಿ ಹೆಚ್ಚಿನ ಅಪಾಯವಿರುವುದು ವೈಫೈ ಅಲೆಗಳಲ್ಲಲ್ಲ, ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ. ಅರ್ಜಿ ಸಲ್ಲಿಸಿದ ವಿದ್ಯಾರ್ಥಿನಿ ಲಾಗೌಟ್ ಮಾಡದೆ ಎದ್ದು ಹೋದರೆ, ಮುಂದೆ ಬಂದು ಕುಳಿತವರಿಗೆ ಆಕೆಯ ಇಮೇಲ್ ತೆರೆದೇ ಸಿಗುತ್ತದೆ. ಆ ಇಮೇಲ್ ಮೂಲಕ ಇತರ ಖಾತೆಗಳ ಪಾಸ್‌ವರ್ಡ್ ಬದಲಿಸುವುದೂ ಸಾಧ್ಯ. ಡೌನ್‌ಲೋಡ್ ಮಾಡಿದ ಇ-ಆಧಾರ್ ಕಡತವೂ ಹಾಗೆಯೇ. ಅದಕ್ಕೆ ಪಾಸ್‌ವರ್ಡ್ ಇದೆಯೆಂಬುದು ನಿಜ. ಆದರೆ ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಹಾಗೂ ಜನ್ಮವರ್ಷ. ಪರಸ್ಪರ ಹೆಸರು, ವಯಸ್ಸು ತಿಳಿದಿರುವ ಊರಿನಲ್ಲಿ ಇದು ಗುಟ್ಟಾಗಿ ಉಳಿಯುವುದಿಲ್ಲ. ಕೆಲಸ ಮುಗಿದ ಕೂಡಲೇ ಕಡತವನ್ನು ಅಳಿಸಿ, ರೀಸೈಕಲ್ ಬಿನ್ ಸಹ ಖಾಲಿ ಮಾಡಬೇಕು. ‘ಪಾಸ್‌ವರ್ಡ್ ಉಳಿಸಬೇಕೇ?’ ಎಂದು ಬ್ರೌಸರ್ ಕೇಳಿದಾಗ ಬೇಡವೆನ್ನಬೇಕು. ವಾಟ್ಸ್‌ಆ್ಯಪ್ ಅನ್ನು ಕಂಪ್ಯೂಟರಿನಲ್ಲಿ ತೆರೆದು ಮರೆತು ಬಂದಿದ್ದರೆ, ತಮ್ಮ ಮೊಬೈಲ್‌ನ ‘ಲಿಂಕ್ಡ್ ಡಿವೈಸಸ್’ ವಿಭಾಗದಿಂದಲೇ ಅದನ್ನು ಕಡಿತಗೊಳಿಸಬಹುದು.

ವೇಗದ ವಿಚಾರವನ್ನೂ ಬಳಕೆದಾರರು ಅರಿತಿರಬೇಕು. 10 ಎಂಬಿಪಿಎಸ್ ಸಂಪರ್ಕವನ್ನು 10 ಮಂದಿ ಏಕಕಾಲಕ್ಕೆ ಬಳಸಿದರೆ ತಲಾ ಸುಮಾರು 1 ಎಂಬಿಪಿಎಸ್ ಮಾತ್ರ ದೊರೆಯುತ್ತದೆ. ಅಷ್ಟರಲ್ಲಿ ಅರ್ಜಿ ತುಂಬಬಹುದು. ಆದರೆ ಇಬ್ಬರು ಸಿನಿಮಾ ನೋಡಲು ಕುಳಿತರೆ ಉಳಿದವರ ಅಂಕಪಟ್ಟಿ ಅಪ್‌ಲೋಡ್ ಆಗದೆ ನಿಲ್ಲುವ ಸಂಭವವಿದೆ. ಅಂತಿಮ ದಿನಾಂಕ ಸಮೀಪಿಸಿದ ದಿನಗಳಲ್ಲಿ ಅರ್ಜಿದಾರರಿಗೆ ಆದ್ಯತೆ ನೀಡುವುದು, ಪಾಸ್‌ವರ್ಡ್ ಊರೆಲ್ಲ ಹರಡಿದಾಗ ಅದನ್ನು ಬದಲಿಸುವುದು ಮೇಲ್ವಿಚಾರಕರಿಗೆ ಕಷ್ಟದ ಕೆಲಸವೇನಲ್ಲ.

ಇಷ್ಟಾಗಿಯೂ ಹಣ ಕಳೆದುಕೊಂಡವರು ಸಂಕೋಚಪಟ್ಟು ಸುಮ್ಮನಿರಬಾರದು. ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ದೂರು ಬೇಗ ತಲುಪಿದಷ್ಟೂ, ಹಣ ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.