ಬಿಲ್ಲೆ ಕಟ್ಟಿದ ಗಾಡಿಕಾರ
ಲಂಡನ್ನಿನ ಬಾಡಿಗೆ ಕುದುರೆಗಾಡಿಗಳೂ ಅವುಗಳ ಕಾಯಿದೆಗಳೂ

ಹಳ್ಳಿಯಲ್ಲಿ ಒಬ್ಬನಿಗೆ ಗಾಡಿ ಬೇಕಾದರೆ, ಗಾಡಿಯವನ ಮನೆತನ ಯಾವುದು, ಅವನ ಎತ್ತಿನ ಸ್ವಭಾವ ಎಂಥದು ಎಂಬುದೆಲ್ಲ ಮೊದಲೇ ತಿಳಿದಿರುತ್ತದೆ. ಬಾಡಿಗೆಯ ಮಾತು ಜಗಲಿಯ ಮೇಲೆಯೇ ತೀರ್ಮಾನವಾಗುತ್ತದೆ. ಮಹಾನಗರದ ಸಂಗತಿ ಹಾಗಲ್ಲ. ರೈಲಿನಿಂದ ಇಳಿದು, ಟ್ರಂಕು ಹಾಸಿಗೆಗಳೊಡನೆ ಬೀದಿಯಲ್ಲಿ ನಿಂತವನಿಗೆ ಎದುರಿನ ಗಾಡಿಯವನು ಯಾರೋ ಏನೋ. ಗಾಡಿಯವನಿಗೂ ಈ ಪ್ರಯಾಣಿಕನು ಹಣ ಕೊಡುವವನೋ ಕೈಕೊಡುವವನೋ ತಿಳಿಯದು. ಪರಿಚಯವಿಲ್ಲದ ಇಬ್ಬರ ನಡುವೆ ನ್ಯಾಯವಾದ ವ್ಯವಹಾರ ನಡೆಯಬೇಕಾದರೆ ಪರಿಚಯದ ಸ್ಥಾನದಲ್ಲಿ ನಿಯಮವು ಬಂದು ನಿಲ್ಲಬೇಕಾಗುತ್ತದೆ. ಆ ನಿಯಮವನ್ನು ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರವು ಹೇಗೆ ರೂಪಿಸಿಕೊಂಡಿತು, ಅದರಿಂದ ದುಡಿಯುವವನಿಗೆ ಏನು ದೊರೆಯಿತು, ಏನು ದೊರೆಯಲಿಲ್ಲ ಎಂಬುದು ಪರಸ್ಥಳದಲ್ಲಿ ಅನ್ನ ಸಂಪಾದಿಸುವ ನಮ್ಮಂಥವರು ತಿಳಿಯತಕ್ಕ ವಿಷಯ.

ಸಂಖ್ಯೆಯ ಕಟ್ಟು ಸಡಿಲಿದುದು

ಲಂಡನ್ನಿನಲ್ಲಿ ಬಾಡಿಗೆ ಗಾಡಿಗಳ ಮೇಲಿನ ನಿರ್ಬಂಧ ಬಹು ಹಳೆಯದು. 1654ರಲ್ಲಿ ಕ್ರಾಮ್‌ವೆಲ್ಲನ ಆಡಳಿತವು ಗಾಡಿಯೊಡೆಯರ ಸಂಘವೊಂದಕ್ಕೆ ಮನ್ನಣೆಯಿತ್ತಿತು. 1662ರಲ್ಲಿ 400 ಗಾಡಿಗಳಿಗೆ, 1694ರಲ್ಲಿ 700 ಗಾಡಿಗಳಿಗೆ ಪರವಾನೆ ಎಂದು ಮಿತಿಯನ್ನು ಗೊತ್ತುಪಡಿಸಲಾಯಿತು. ಇವೆಲ್ಲ ಭಾರವಾದ ಹಳೆಯ ಸಾರೋಟುಗಳು. 1823ರಲ್ಲಿ ‘ಕ್ಯಾಬ್ರಿಯೊಲೆ’ ಎಂಬ ಹಗುರವಾದ ಗಾಡಿ ಬೀದಿಗೆ ಬಂದಿತು. ಆ ಉದ್ದದ ಹೆಸರನ್ನು ಜನರು ‘ಕ್ಯಾಬ್’ ಎಂದು ಕತ್ತರಿಸಿದರು.

ನಗರ ಬೆಳೆದಂತೆ ಸಂಖ್ಯೆಯ ಮಿತಿ ಅರ್ಥಹೀನವಾಯಿತು. 1831ರ ಕಾಯಿದೆಯು ಅದನ್ನು ತೆಗೆದುಹಾಕಿ, ಗಾಡಿಗಳೆಷ್ಟು ಎಂಬ ಪ್ರಶ್ನೆಯನ್ನು ಬಿಟ್ಟು ಗಾಡಿಕಾರನ ನಡತೆ ಹೇಗಿರಬೇಕು ಎಂಬುದರ ಕಡೆಗೆ ದೃಷ್ಟಿಯನ್ನು ತಿರುಗಿಸಿತು. ಗೊತ್ತಾದ ಬಾಡಿಗೆಯಿಲ್ಲದೆ ಬೀದಿಯಲ್ಲಿ ನಿಂತ ಗಾಡಿಯು ಬಾಡಿಗೆಗೆ ಸಿದ್ಧವಾಗಿದೆಯೆಂದೇ ಲೆಕ್ಕ; ಕರೆದವನೊಡನೆ ಗಾಡಿಕಾರನು ಹೊರಡಲೇಬೇಕು. ‘ಆ ಕಡೆಗೆ ಬರುವುದಿಲ್ಲ, ಸ್ವಾಮಿ’ ಎಂದು ಮುಖ ತಿರುಗಿಸುವ ಹಾಗಿಲ್ಲ. ಗೊತ್ತಾದ ದರಕ್ಕಿಂತ ಹೆಚ್ಚು ಕೊಡುವುದಾಗಿ ಅವಸರದಲ್ಲಿರುವ ಪ್ರಯಾಣಿಕನು ಒಪ್ಪಿದರೂ ಆ ಒಪ್ಪಂದವು ಅವನನ್ನು ಕಟ್ಟುವುದಿಲ್ಲ.

ಇಷ್ಟನ್ನೇ ಓದಿದರೆ ಕಾಯಿದೆಯೆಲ್ಲ ಪ್ರಯಾಣಿಕನ ಪಕ್ಷವೆಂದು ತೋರೀತು. ಆದರೆ ಗಾಡಿಕಾರನಿಗೂ ಅದರಲ್ಲಿ ಸ್ಥಾನವಿತ್ತು. ‘ಇಲ್ಲಿಯೇ ಕಾದಿರು’ ಎಂದು ಒಳಗೆ ಹೋಗುವ ಗೃಹಸ್ಥನಿಂದ ಅವನು ಮುಂಗಡವಾಗಿ ತಕ್ಕ ಹಣವನ್ನು ಕೇಳಬಹುದಾಗಿತ್ತು. ಗಾಡಿಯನ್ನು ಹಾಳುಮಾಡಿದವನಿಂದ ಪರಿಹಾರವುಂಟು. ಬರಲೊಲ್ಲೆನೆಂದನು ಎಂಬ ಸುಳ್ಳು ದೂರಿನಿಂದ ಅವನನ್ನು ನ್ಯಾಯಾಲಯಕ್ಕೆ ಎಳೆದರೆ, ಕಳೆದುಹೋದ ಹೊತ್ತಿಗಾಗಿ ದೂರಿತ್ತವನೇ ನಷ್ಟ ತುಂಬಿಕೊಡಬೇಕು. ದಿನಗೂಲಿಯವನಿಗೆ ಹೊತ್ತು ಎಂದರೆ ಹಣವೇ ಎಂಬುದನ್ನು ಆ ಕಾಯಿದೆಯನ್ನು ಬರೆದವರು ಮರೆತಿರಲಿಲ್ಲ.

ಬಿಲ್ಲೆ ಮತ್ತು ಪರವಾನೆ

1838 ಮತ್ತು 1843ರ ಕಾಯಿದೆಗಳು ಗಾಡಿಗೆ ಮಾತ್ರವಲ್ಲದೆ ಗಾಡಿ ಹೊಡೆಯುವವನಿಗೂ ಪ್ರತ್ಯೇಕ ಪರವಾನೆ ಬೇಕೆಂದು ವಿಧಿಸಿದವು. ಪರವಾನೆಯೊಡನೆ ಅಂಕಿ ಕೊರೆದ ಲೋಹದ ಬಿಲ್ಲೆ. ಕೆಲಸದ ಹೊತ್ತಿನಲ್ಲಿ ಅದು ಎಲ್ಲರಿಗೂ ಕಾಣುವಂತೆ ಮೈಮೇಲೆ ಇರಬೇಕು. ಕುಡಿದು ಗಾಡಿ ಹೊಡೆದರೆ, ಕುದುರೆಯನ್ನು ಹುಚ್ಚೋಟ ಓಡಿಸಿದರೆ, ಬಾಯಿಗೆ ಬಂದಂತೆ ಬೈದರೆ, ಬಿಲ್ಲೆಯ ಅಂಕಿಯನ್ನು ನೋಡಿಕೊಂಡು ದೂರು ಕೊಡಬಹುದು. 1850ರಲ್ಲಿ ಈ ಉಸ್ತುವಾರಿಯೆಲ್ಲ ಮಹಾನಗರದ ಪೊಲೀಸ್ ಕಮಿಷನರರ ಕೈಗೆ ಬಂದಿತು. ಬೀದಿಗಳ ಪರಿಚಯ ಗಾಡಿಕಾರನಿಗೆ ಎಷ್ಟಿದೆಯೆಂದು ಪರೀಕ್ಷಿಸುವ ಪದ್ಧತಿಯೂ ಆ ಶತಮಾನದಲ್ಲಿಯೇ ಹುಟ್ಟಿ, ಇಂದಿನ ಟ್ಯಾಕ್ಸಿಯವರವರೆಗೆ ನಡೆದು ಬಂದಿದೆ.

1843ರ ಕಾಯಿದೆಯ ಒಂದು ಅಂಶವನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಗಾಡಿಕಾರನು ಕೆಲಸಕ್ಕೆ ಸೇರಿದಾಗ ತನ್ನ ಪರವಾನೆಯನ್ನು ಧಣಿಯ ವಶಕ್ಕೆ ಕೊಡಬೇಕು. ಬಿಡುವಾಗ ಹಿಂದಕ್ಕೆ ಪಡೆಯಬೇಕು. ಪರವಾನೆಯಿಲ್ಲದೆ ಬೇರೆಡೆ ಕೆಲಸವಿಲ್ಲ. ಧಣಿಯು ಸಿಟ್ಟಿನಿಂದ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಗಾಡಿಕಾರನ ಗತಿಯೇನು? ಹಳೆಯ ಧಣಿಯ ಚೀಟಿಯಿಲ್ಲದೆ ಹೊಸ ಹೋಟೆಲಿನ ಮೆಟ್ಟಲು ಹತ್ತಲಾರದೆ ತಿರುಗಿದವರಿಗೆ ಈ ಪ್ರಶ್ನೆಯ ತೂಕವನ್ನು ವಿವರಿಸಬೇಕಾಗಿಲ್ಲ. ಕಾಯಿದೆಯ ಉತ್ತರ ಹೀಗಿತ್ತು: ಧಣಿಗೆ ದೂರು ಇದ್ದರೆ 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೊಳ್ಳಬೇಕು, ಇಲ್ಲವಾದರೆ ಪರವಾನೆಯನ್ನು ಕೊಟ್ಟುಬಿಡಬೇಕು. ನ್ಯಾಯವಿಲ್ಲದೆ ತಡೆಹಿಡಿದರೆ ನಷ್ಟಕ್ಕೆ ಅವನೇ ಹೊಣೆ. ಧಣಿಯ ಕೋಪಕ್ಕೂ ಒಂದು ಗಡುವು ಇರಬೇಕೆಂಬ ಮಾತು ಎಂದಿಗೂ ಹಳತಾಗುವಂಥದಲ್ಲ.

ಮೈಲಿಗೆ ಆರು ಪೆನ್ನಿ

1853ರಲ್ಲಿ ಪಾರ್ಲಿಮೆಂಟು ಬಾಡಿಗೆಯನ್ನು ಮೈಲಿಗೆ ಎಂಟು ಪೆನ್ನಿಯಿಂದ ಆರಕ್ಕೆ ಇಳಿಸಿತು. ಹೊತ್ತಿನ ಲೆಕ್ಕಕ್ಕೆ ಗೊತ್ತುಮಾಡಿಕೊಂಡರೆ ಗಂಟೆಗೆ ಎರಡು ಶಿಲಿಂಗು. (ಹನ್ನೆರಡು ಪೆನ್ನಿಗೆ ಒಂದು ಶಿಲಿಂಗು, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡು.) ಚಾರಿಂಗ್ ಕ್ರಾಸ್ ಎಂಬ ನಡುಬೀದಿಯಿಂದ ಸುತ್ತಲೂ ನಾಲ್ಕು ಮೈಲಿಯ ವೃತ್ತವೊಂದನ್ನು ಎಳೆದು ಅದರ ಒಳಗೊಂದು ಲೆಕ್ಕ, ಹೊರಗೊಂದು ಲೆಕ್ಕ ಎಂದು ಗೊತ್ತುಮಾಡಲಾಯಿತು. ಆರು ಮೈಲಿಯವರೆಗೆ, ಅಥವಾ ಒಂದು ಗಂಟೆಯವರೆಗೆ, ತಕ್ಕ ಕಾರಣವಿಲ್ಲದೆ ಗಾಡಿಕಾರನು ಒಲ್ಲೆನೆನ್ನುವಂತಿಲ್ಲ.

ದರಪಟ್ಟಿಯು ಗಾಡಿಯಲ್ಲಿ ಕಾಣುವಂತೆ ಇರಬೇಕೆಂದೂ ನಿಯಮವಾಯಿತು. ತಿಂಡಿಯ ದರವನ್ನು ಗೋಡೆಯ ಮೇಲೆ ಬರೆದ ದಿನದಿಂದ ಗಲ್ಲೆಯ ಮುಂದಿನ ಜಗಳ ಅರ್ಧಕ್ಕರ್ಧ ಇಳಿಯುತ್ತದೆಯೆಂಬುದು ಹೋಟೆಲು ನಡೆಸಿದವರೆಲ್ಲರ ಅನುಭವ. ಆದರೆ ಇಡ್ಲಿಯನ್ನು ಎಣಿಸಬಹುದು. ಮೈಲಿಯನ್ನು ಎಣಿಸುವುದು ಹೇಗೆ? ಮೀಟರು ಇಲ್ಲದ ಆ ಕಾಲದಲ್ಲಿ ಪ್ರಯಾಣಿಕನು ಎರಡು ಮೈಲಿಯೆಂದರೆ ಗಾಡಿಕಾರನು ಮೂರೆನ್ನುತ್ತಿದ್ದನು. ವಿವಾದವು ಮುಗಿಯದಿದ್ದರೆ ಪ್ರಯಾಣಿಕನು ಗಾಡಿಯನ್ನು ನೆಟ್ಟಗೆ ಪೊಲೀಸ್ ನ್ಯಾಯಾಲಯಕ್ಕೆ ಹೊಡೆಯಿಸಬಹುದು. ಮ್ಯಾಜಿಸ್ಟ್ರೇಟರು ಕುಳಿತಿದ್ದರೆ ಅಲ್ಲಿಯೇ ತೀರ್ಪು. ಇಲ್ಲದಿದ್ದರೆ ಠಾಣೆಯಲ್ಲಿ ಬರೆಯಿಸಿ ಮುಂದಿನ ಬೈಠಕ್ಕಿಗೆ ಬರಬೇಕು. ಹೆಚ್ಚು ಹಣ ಕಿತ್ತುಕೊಂಡ ಗಾಡಿಕಾರನಿಗೆ 40 ಶಿಲಿಂಗಿನವರೆಗೆ ದಂಡ, ಅಥವಾ ಒಂದು ತಿಂಗಳವರೆಗೆ ಸೆರೆಮನೆ.

ಈ ಕಾಯಿದೆಗೆ ಬಂದ ಪ್ರತ್ಯುತ್ತರ ಬಿರುಸಾಗಿತ್ತು. ಆ ವರ್ಷದ ಜುಲೈ ಕೊನೆಯಲ್ಲಿ ಮೂರು ದಿನಗಳವರೆಗೆ ಲಂಡನ್ನಿನ ಗಾಡಿಗಳು ಬೀದಿಗಿಳಿಯಲಿಲ್ಲ. ರೈಲಿನಿಂದ ಇಳಿದ ದೊಡ್ಡ ಮನುಷ್ಯರೂ ನಡೆದು ಹೋಗಬೇಕಾಯಿತು. ಮರುತಿಂಗಳಲ್ಲಿಯೇ ಪಾರ್ಲಿಮೆಂಟು ತಿದ್ದುಪಡಿ ತಂದು, ಇಬ್ಬರಿಗಿಂತ ಹೆಚ್ಚಿನವರು ಹತ್ತಿದರೆ ಹೆಚ್ಚಿನ ಹಣವನ್ನು ಪಡೆಯಲು ಅವಕಾಶ ಕೊಟ್ಟಿತು. ಆದರೆ ಆರು ಪೆನ್ನಿಯ ದರ ನಿಂತಿತು.

ಮರೆತ ಕೊಡೆ, ಮೂಕ ಪ್ರಾಣಿ

ಗಾಡಿಯಲ್ಲಿ ಯಾರಾದರೂ ಮರೆತು ಬಿಟ್ಟ ವಸ್ತುವನ್ನು ಗಾಡಿಕಾರನು 24 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಕೊಡೆಯಾಗಲಿ, ಹಣದ ಚೀಲವಾಗಲಿ ನಿಯಮ ಒಂದೇ. ವಾರಸುದಾರನು ಬಂದು ಬಿಡಿಸಿಕೊಳ್ಳುವಾಗ ವಸ್ತುವಿನ ಬೆಲೆಗೆ ತಕ್ಕಂತೆ ಗಾಡಿಕಾರನಿಗೆ ಇನಾಮು ಸಲ್ಲಬೇಕು. ಪ್ರಾಮಾಣಿಕತೆಯನ್ನು ಬರಿಯ ಉಪದೇಶದಿಂದ ಬೆಳೆಸಲಾಗದು, ಅದಕ್ಕೆ ಕೂಲಿಯೂ ಇರಬೇಕು ಎಂಬ ವ್ಯವಹಾರಜ್ಞಾನ ಇದರಲ್ಲಿದೆ.

ಕುದುರೆಯ ಗೋಷ್ಠಿಯೂ ಕಾಯಿದೆಯಲ್ಲಿ ಬಂದಿತು. ಪೊಲೀಸರು ಗಾಡಿಯನ್ನೂ ಕುದುರೆಯನ್ನೂ ತಪಾಸಣೆ ಮಾಡಿ, ಕೆಲಸಕ್ಕೆ ತಕ್ಕದ್ದಲ್ಲವೆಂದು ಕಂಡರೆ ತಡೆಯಬಹುದು. ಬೀದಿಯಲ್ಲಿ ಕುದುರೆಗೆ ಮೇವು ಹಾಕುವುದಕ್ಕೂ ಕ್ರಮವಿತ್ತು: ಚೀಲದಲ್ಲಿಟ್ಟ ಧಾನ್ಯವನ್ನಾದರೂ ತಿನ್ನಿಸಬೇಕು, ಇಲ್ಲವೇ ಹುಲ್ಲನ್ನು ಕೈಯಲ್ಲಿ ಹಿಡಿದು ಕೊಡಬೇಕು. ಬೀದಿ ಹೊಲಸಾಗದಿರಲೆಂದು ಮಾಡಿದ ಈ ನಿಯಮವು ಕುದುರೆಗಳೆಲ್ಲ ಮರೆಯಾದ ಮೇಲೂ ಪುಸ್ತಕದಲ್ಲಿ ಉಳಿದು, 1976ರಲ್ಲಿ ರದ್ದಾಯಿತು.

ಚಹದ ಗೂಡು

ನಿಲ್ದಾಣದಲ್ಲಿ ಗಾಡಿಯನ್ನು ಒಂಟಿಯಾಗಿ ಬಿಟ್ಟು ಹೋಗುವುದು ಅಪರಾಧ. ಮಳೆ, ಹಿಮ, ಚಳಿ ಏನೇ ಬಂದರೂ ಗಾಡಿಕಾರನು ಪೆಟ್ಟಿಗೆಯ ಮೇಲೆಯೇ ಕುಳಿತಿರಬೇಕು. ಬಿಸಿಯಾದುದು ಏನಾದರೂ ಬೇಕೆಂದರೆ ಹೆಂಡದಂಗಡಿಯೇ ಗತಿ; ಅಲ್ಲಿಗೆ ಹೋದರೆ ಗಾಡಿಯೂ ಹಾಳು, ಕಾಸೂ ಹಾಳು. ಈ ಕಷ್ಟವು ಒಬ್ಬ ಪತ್ರಿಕಾ ಸಂಪಾದಕನ ಕಣ್ಣಿಗೆ ಬಿದ್ದಿತು. ‘ಗ್ಲೋಬ್’ ಪತ್ರಿಕೆಯ ಸಂಪಾದಕ ಕ್ಯಾಪ್ಟನ್ ಜಾರ್ಜ್ ಆರ್ಮ್‌ಸ್ಟ್ರಾಂಗನು ಷಾಫ್ಟ್ಸ್‌ಬರಿ ಪ್ರಭು ಮೊದಲಾದವರ ನೆರವಿನಿಂದ 1875ರಲ್ಲಿ ಗಾಡಿಕಾರರ ತಂಗುದಾಣಗಳ ನಿಧಿಯನ್ನು ಸ್ಥಾಪಿಸಿದನು. ನಿಲ್ದಾಣದ ಪಕ್ಕದಲ್ಲಿಯೇ ಹಸಿರು ಬಣ್ಣದ ಮರದ ಗೂಡು. ಒಳಗೆ ಒಲೆ, ಬೆಂಚು, ಚಹ, ಊಟ. ರಾಜಮಾರ್ಗದ ಮೇಲೆ ನಿಂತದ್ದರಿಂದ ಅದು ಒಂದು ಕುದುರೆಗಾಡಿಗಿಂತ ಹೆಚ್ಚು ಜಾಗ ಹಿಡಿಯಕೂಡದು! ಕುಡಿತ, ಜೂಜು, ಹೊಲಸು ಮಾತು ಅಲ್ಲಿ ನಿಷಿದ್ಧ. 1914ರೊಳಗೆ ಇಂಥ 61 ಗೂಡುಗಳು ಎದ್ದವು. ಅವುಗಳಲ್ಲಿ 13 ಇಂದಿಗೂ ನಿಂತಿವೆ. ಅಷ್ಟು ಸಣ್ಣ ಜಾಗದಲ್ಲಿ ಅಡಿಗೆ ಮಾಡಿ ಹತ್ತಾರು ಜನರಿಗೆ ಬಡಿಸುವ ಕೌಶಲವನ್ನು ಹೋಟೆಲಿನವರೇ ಬಲ್ಲರು.

ಕಾಯಿದೆ ಕಾಣದ ಲೆಕ್ಕ

ಇಷ್ಟೆಲ್ಲ ನಿಯಮಗಳ ನಡುವೆ ಬಹುಕಾಲ ಒಂದು ದೊಡ್ಡ ಕೊರತೆ ಉಳಿಯಿತು. ಹೆಚ್ಚಿನ ಗಾಡಿಕಾರರಿಗೆ ಸ್ವಂತ ಗಾಡಿಯಿರಲಿಲ್ಲ. ಬೆಳಗ್ಗೆ ಧಣಿಯ ಲಾಯದಿಂದ ಗಾಡಿ ಕುದುರೆಗಳನ್ನು ದಿನಬಾಡಿಗೆಗೆ ತಂದು, ಆ ಹಣವನ್ನು ಧಣಿಗೆ ಕಟ್ಟಿ, ಮಿಕ್ಕಿದುದನ್ನು ಮನೆಗೊಯ್ಯಬೇಕು. ಮಿಗದಿದ್ದರೆ ಅಂದು ಉಪವಾಸ. ಪ್ರಯಾಣಿಕನು ಗಾಡಿಕಾರನಿಗೆ ಎಷ್ಟು ಕೊಡಬೇಕೆಂದು ಪೆನ್ನಿ ಪೆನ್ನಿ ಎಣಿಸಿದ ಕಾಯಿದೆಯು, ಗಾಡಿಕಾರನು ಧಣಿಗೆ ಎಷ್ಟು ಕೊಡಬೇಕೆಂಬುದನ್ನು ಹೇಳಲೇ ಇಲ್ಲ. ಅವನ ಆದಾಯಕ್ಕೆ ಮೇಲ್ಮಿತಿಯಿತ್ತು, ವೆಚ್ಚಕ್ಕೆ ಮಿತಿಯಿರಲಿಲ್ಲ. ಆನಾ ಸ್ಯುಯೆಲ್ ಎಂಬಾಕೆ 1877ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ಬ್ಯೂಟಿ’ ಕಾದಂಬರಿಯಲ್ಲಿ ಬರುವ ಸ್ಯಾಮ್ ಎಂಬ ಬಡ ಗಾಡಿಕಾರನು ಗಾಡಿಗೂ ಎರಡು ಕುದುರೆಗಳಿಗೂ ದಿನಕ್ಕೆ 18 ಶಿಲಿಂಗು ಕಟ್ಟುತ್ತಾನೆ. ಅದನ್ನು ದುಡಿಯಲು ಕುದುರೆಗಳನ್ನೂ ದಣಿಸಿ, ತಾನೂ ಸವೆದು ಸಾಯುತ್ತಾನೆ. ಕುದುರೆಯ ಮೇಲಿನ ಕ್ರೌರ್ಯವು ಎಷ್ಟೋ ವೇಳೆ ಚಾಟಿ ಹಿಡಿದವನ ಮನಸ್ಸಿನಲ್ಲಿ ಹುಟ್ಟುವುದಿಲ್ಲ, ಲಾಯದ ಲೆಕ್ಕದ ಪುಸ್ತಕದಲ್ಲಿ ಹುಟ್ಟುತ್ತದೆ.

1894ರಲ್ಲಿ ಈ ದಿನಬಾಡಿಗೆಯ ವಿಷಯವಾಗಿಯೇ ಗಾಡಿಕಾರರು ಮುಷ್ಕರ ಹೂಡಿದರು. ಗೃಹಮಂತ್ರಿಯಾಗಿದ್ದ ಆಸ್ಕ್ವಿತ್ ಮಧ್ಯಸ್ಥಿಕೆ ವಹಿಸಿ, ಗಿರಾಕಿ ಹೆಚ್ಚಿರುವ ತಿಂಗಳುಗಳಿಗೊಂದು, ಇಲ್ಲದ ತಿಂಗಳುಗಳಿಗೊಂದು ಎಂಬಂತೆ ಧಣಿಗಳು ಪಡೆಯತಕ್ಕ ಬಾಡಿಗೆಯನ್ನು ಗೊತ್ತುಪಡಿಸಿದನು. ದರಪಟ್ಟಿಯು ಗಾಡಿಯಿಂದ ಲಾಯದವರೆಗೆ ಬರಲು ನಲವತ್ತು ವರ್ಷಗಳಿಗೂ ಮೇಲೆ ಹಿಡಿಯಿತು. ಅಷ್ಟರಲ್ಲಿ ಗಾಡಿಯ ಕಾಲವೇ ಮುಗಿಯುತ್ತ ಬಂದಿತ್ತು. 1907ರಲ್ಲಿ ಮೋಟಾರು ಗಾಡಿಗಳಿಗೆ ಮೀಟರು ಕಡ್ಡಾಯವಾಗಿ ಮೈಲಿಯ ಜಗಳವೂ ತೀರಿತು. ಲಂಡನ್ನಿನ ಕೊನೆಯ ಕುದುರೆಗಾಡಿಯ ಪರವಾನೆ 1947ರಲ್ಲಿ ಮರಳಿತು.

ಮುಂಬಯಿಯ ನಂಟು

ಈ ಕಥೆಗೆ ನಮ್ಮ ಮುಂಬಯಿಯ ನಂಟೂ ಉಂಟು. ಜೋಸೆಫ್ ಹ್ಯಾನ್ಸಮ್ ಎಂಬ ಶಿಲ್ಪಿಯು 1834ರಲ್ಲಿ ಹೊಸ ಬಗೆಯ ಗಾಡಿಗೆ ಹಕ್ಕುಪತ್ರ ಪಡೆದನು. ಹತ್ತು ಸಾವಿರ ಪೌಂಡಿಗೆ ಅದನ್ನು ಮಾರಿದರೂ ಕೈಗೆ ಸಿಕ್ಕಿದುದು ಮುನ್ನೂರು ಪೌಂಡು ಮಾತ್ರವಂತೆ. ಆ ಗಾಡಿಯನ್ನು 1836ರಲ್ಲಿ ತಿದ್ದಿ, ಗಾಡಿಕಾರನನ್ನು ಹಿಂದುಗಡೆ ಎತ್ತರದಲ್ಲಿ ಕೂರಿಸಿ, ಲಂಡನ್ನಿನ ಬೀದಿಬೀದಿಗಳಲ್ಲಿ ಓಡುವಂತೆ ಮಾಡಿದವನು ಜಾನ್ ಚಾಪ್‌ಮನ್. ಮುಂದೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಯೋಜನೆಯನ್ನು ಹಿಡಿದು ಹೋರಾಡಿದವನೂ ಅವನೇ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ರೈಲು ಆ ಕಂಪನಿಯದು. ಊರು ಬಿಟ್ಟು ಮುಂಬಯಿ ಸೇರಿದ ಎಷ್ಟೋ ಕನ್ನಡಿಗರನ್ನು ಮುಂದಿನ ಕಾಲದಲ್ಲಿ ತಂದು ಇಳಿಸಿದುದೂ ಆ ಹಳಿಗಳೇ. ಕಾಯಿದೆಗಳೂ ಹಿಂದೆ ಬೀಳಲಿಲ್ಲ. 1863ರಲ್ಲಿ ಮುಂಬಯಿಗೆ ಸಾರ್ವಜನಿಕ ವಾಹನಗಳ ಕಾಯಿದೆ ಬಂದಿತು. 1879ರಲ್ಲಿ ಬಾಡಿಗೆ ಗಾಡಿಗಳ ವಿಷಯವಾಗಿ ಭಾರತ ಸರ್ಕಾರದ ಕಾಯಿದೆ ಬಂದಿತು. ಮುಂಬಯಿಯ ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸಬೇಕೆಂದು 2015ರಲ್ಲಿ ಉಚ್ಚ ನ್ಯಾಯಾಲಯವು ಆಜ್ಞೆ ಮಾಡಿತು.

ಗಾಡಿ ಹೋಯಿತು, ಕುದುರೆ ಹೋಯಿತು; ಪ್ರಶ್ನೆ ಮಾತ್ರ ಉಳಿದಿದೆ. ಗಿರಾಕಿಗೆ ಮೋಸವಾಗಬಾರದೆಂಬ ನಿಯಮವನ್ನು ಸಮಾಜವು ಬೇಗ ಮಾಡುತ್ತದೆ, ಏಕೆಂದರೆ ನಿಯಮ ಮಾಡುವವರೂ ಗಿರಾಕಿಗಳೇ. ಸೇವೆ ಮಾಡುವವನಿಗೆ ಎಷ್ಟು ಉಳಿಯಬೇಕೆಂಬ ನಿಯಮ ತಡವಾಗಿ ಬರುತ್ತದೆ, ಅದೂ ಅವನೇ ಎದ್ದು ಕೇಳಿದ ಮೇಲೆ. ಗೋಡೆಯ ದರಪಟ್ಟಿಯನ್ನು ಓದುವ ಕಣ್ಣು, ಅದನ್ನು ಬಡಿಸುವ ಕೈಯ ಕಡೆಗೂ ಒಮ್ಮೆ ಹೊರಳಿದರೆ ಲಂಡನ್ನಿನ ಗಾಡಿಕಾರರ ಈ ಕಥೆಯನ್ನು ಓದಿದುದು ಸಾರ್ಥಕ.