ಬೆಕ್ಕು ಯಾರದು?

ಕಳೆದ ಮಳೆಗಾಲದಲ್ಲಿ ಸಂಕೇಶ್ವರದ ನಮ್ಮ ಮನೆಯ ಅಟ್ಟದ ಮೇಲೆ, ಜೋಳದ ಚೀಲಗಳ ಸಂದಿನಲ್ಲಿ, ಬೂದು ಬಣ್ಣದ ಬೆಕ್ಕೊಂದು ಐದು ಮರಿಗಳನ್ನು ಹಾಕಿತು. ಓಣಿಯವರೆಲ್ಲ ಬಂದು ನೋಡಿದರು, ಮರಿಗಳ ಚೆಲುವನ್ನು ಹೊಗಳಿದರು. "ಒಂದನ್ನು ಒಯ್ಯಿರಿ" ಎಂದೊಡನೆ ಎಲ್ಲರಿಗೂ ಮನೆಯಲ್ಲಿ ಬಿಟ್ಟು ಬಂದ ಕೆಲಸ ನೆನಪಾಯಿತು. "ಬೆಕ್ಕ ನಿಮ್ದ ಅಲ್ಲೇನ್ರಿ ಮಾಸ್ತರ? ಮರೀನೂ ನಿಮ್ಮವ" ಎಂದರು ಎದುರುಮನೆಯ ಕಾಕು. ಹಿಂದಿನ ತಿಂಗಳು ತಮ್ಮ ಬೆಲ್ಲದ ಪೆಂಟೆಗೆ ಬಾಯಿ ಹಾಕಿದ ಇಲಿಯನ್ನು ಆ ಬೆಕ್ಕು ಹಿಡಿದಾಗ, "ನಮ್ಮ ಬೆಕ್ಕ ಭಾಳ ಶಾಣ್ಯಾ ಐತಿ" ಎಂದು ಓಣಿಯ ತುಂಬ ಹೇಳಿಕೊಂಡು ಬಂದವರೂ ಈ ಕಾಕುವೇ. ಅವರನ್ನು ದೂರಲಾರೆ. ನಾನೂ ಅಷ್ಟೆ. ಇಲಿ ಹಿಡಿದಾಗ ಬೆಕ್ಕು ನಮ್ಮದು; ಹಾಲಿಗೆ ಬಾಯಿ ಹಾಕಿದಾಗ ಪಕ್ಕದ ಮನೆಯದು; ಮರಿ ಹಾಕಿದಾಗ ಯಾರದೂ ಅಲ್ಲ.

ನಗೆಯ ಮಾತಿನಂತೆ ತೋರುವ ಈ ಪ್ರಶ್ನೆಯನ್ನೇ ಈಗ ಕಾಯಿದೆಯೂ ಕೇಳತೊಡಗಿದೆ. 2001ರಲ್ಲಿ ಭಾರತ ಸರಕಾರವು ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳನ್ನು ಹೊರಡಿಸಿದಾಗ, ಆ ಹೆಸರಿನ ನಡುವೆಯೇ 'ನಾಯಿಗಳು' ಎಂಬ ಮಾತು ಕಂಸದೊಳಗೆ ಕುಳಿತಿತ್ತು. 2023ರ ಮಾರ್ಚ್ ತಿಂಗಳಲ್ಲಿ ಬಂದ ಹೊಸ ನಿಯಮಗಳ ಹೆಸರಿನಿಂದ ಆ ಕಂಸ ಕಳಚಿಬಿತ್ತು. ಪ್ರಾಣಿಗಳನ್ನು ಸಾಕಿದವು, ಬೀದಿಯವು ಎಂದು ಎರಡು ವರ್ಗ ಮಾಡಿ, ಸಾಕಿದ ಪ್ರಾಣಿಗೆ ಲಸಿಕೆ ಹಾಕಿಸುವ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಹೊಣೆಯನ್ನು ಅದರ ಒಡೆಯನ ಮೇಲೆ ಹೊರಿಸಿದ್ದಾರೆ. ಆದರೆ ನಮ್ಮೂರಿನ ಬೆಕ್ಕು ಯಾವ ವರ್ಗಕ್ಕೆ ಸೇರಿದ್ದು? ಬೆಳಗಿನ ಹಾಲು ನಮ್ಮಲ್ಲಿ, ನಡುಹಗಲಿನ ನಿದ್ದೆ ಕಾಕುವಿನ ಮಾಳಿಗೆಯ ಮೇಲೆ, ರಾತ್ರಿಯ ಬೇಟೆ ಓಣಿಯ ತುಂಬ. ಅದಕ್ಕೆ ಮನೆಯುಂಟು, ಒಡೆಯನಿಲ್ಲ.

ಒಡೆಯನಿಲ್ಲದ ಬೆಕ್ಕಿನ ಮರಿಗಳ ಗತಿ ಏನಾಗುತ್ತಿತ್ತೆಂಬುದನ್ನು ನಾನು ಬಲ್ಲೆ. ಅದರಲ್ಲಿ ನನ್ನ ಕೈಯೂ ಇದೆ. ನಾನಾಗ ಹತ್ತು ವರುಷದ ಹುಡುಗ. ಮೆಣಸಿನಕಾಯಿ ತುಂಬಿ ಬರಿದಾದ ಗೋಣಿಚೀಲವೊಂದರಲ್ಲಿ ನಾಲ್ಕು ಮರಿಗಳನ್ನು ಹಾಕಿ, ಹಿರಣ್ಯಕೇಶಿಯ ಆಚೆ ದಂಡೆಗೆ ಬಿಟ್ಟು ಬರುವಂತೆ ಆಯಿ ನನ್ನನ್ನು ಕಳಿಸಿದಳು. ಚೀಲದೊಳಗಿನ ಘಾಟಿಗೆ ಆ ಎಳೆಯ ಜೀವಗಳು ದಾರಿಯುದ್ದಕ್ಕೂ ಸೀನುತ್ತಿದ್ದವು. ಹೊಳೆ ದಾಟಿ ಚೀಲದ ಬಾಯಿ ಬಿಚ್ಚಿದವನೇ ಹಿಂದಿರುಗಿ ನೋಡದೆ ಓಡಿ ಬಂದೆ. ತಾಯಿಬೆಕ್ಕು ಮೂರು ರಾತ್ರಿ ಅಟ್ಟದಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಟ್ಟಕ್ಕೆ ಕೂಗುತ್ತ ತಿರುಗಿತು. ನಾಲ್ಕನೆಯ ರಾತ್ರಿ ಸುಮ್ಮನಾಯಿತು. ಆ ಮೌನವೇ ನನಗೆ ಕೂಗಿಗಿಂತ ಕಠಿಣವಾಗಿ ಕೇಳಿಸಿತು.

ಆಯಿ ಕ್ರೂರಿಯಲ್ಲ. "ಬೆಕ್ಕ ಕೊಂದ್ರ ಬಂಗಾರದ ಬೆಕ್ಕ ಮಾಡಿ ದಾನಾ ಕೊಟ್ರೂ ಪಾಪ ಹರಿಯಂಗಿಲ್ಲಪಾ" ಎಂದು ನಂಬಿದವಳು. ಅವಳ ಲೆಕ್ಕದಲ್ಲಿ ಬಿಟ್ಟು ಬರುವುದು ಕೊಲ್ಲುವುದಲ್ಲ. ಆಮೇಲಿನದು ದೇವರ ಚಿತ್ತ. ಕಾಯಿದೆ ಹಾಗೆ ಎಣಿಸುವುದಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯ 11ನೆಯ ಕಲಮು, ಹಸಿವು ನೀರಡಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು ಅಪರಾಧವೆಂದು ಹೇಳುತ್ತದೆ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ನಾಲ್ಕು ಜೀವಗಳಿಗೆ ಕಟ್ಟಿದ ಬೆಲೆಯೆಂದು ನೋಡಿದರೆ ಅದು ಬಹಳ ಅಗ್ಗವಾದುದು.

ಸರಕಾರವೇ ಬೆಕ್ಕುಗಳು ಹೆಚ್ಚಲೆಂದು ಹಾರೈಸಬಹುದಾಗಿದ್ದ ಕಾಲವೊಂದಿತ್ತು. 1896ರಲ್ಲಿ ಮುಂಬಯಿಗೆ ಬಂದಿಳಿದ ಪ್ಲೇಗು ಎರಡು ವರುಷಗಳಲ್ಲಿ ಹುಬ್ಬಳ್ಳಿಯನ್ನು ಬರಿದುಮಾಡಿತು. ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ರೋಗವನ್ನು ಹೊತ್ತು ತರುವುದು ಇಲಿಯ ಮೈಮೇಲಿನ ಚಿಗಟವೆಂದು ತಿಳಿದ ಮೇಲೆ, ಅಮರಾವತಿಯಲ್ಲಿದ್ದ ಬ್ಯುಕಾನನ್ ಎಂಬ ಸರಕಾರಿ ವೈದ್ಯರು, ಬೆಕ್ಕುಗಳು ಹೇರಳವಾಗಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು 1908ರಲ್ಲಿ ವಾದಿಸಿದರು. ಇಲಿಗಳ ಕಾಟ ಕಳೆಯಲು ರಾಯನು ಮನೆಮನೆಗೆ ಬೆಕ್ಕು ಹಂಚಿದ, ಅದರ ಹಾಲಿಗೆಂದು ಹಸುವನ್ನೂ ಕೊಟ್ಟ ತೆನ್ನಾಲಿ ರಾಮಕೃಷ್ಣನ ಕಥೆ ಯಾರಿಗೆ ತಿಳಿಯದು? ಆ ಕಥೆಯ ರಾಯನಿಗೆ ಒಂದು ವಿಷಯ ಸ್ಪಷ್ಟವಿತ್ತು: ಬೆಕ್ಕಿನ ಹೊಣೆ ಹೊರಿಸುವವನು ಹಾಲಿನ ಏರ್ಪಾಡನ್ನೂ ಮಾಡಬೇಕು.

ಈಗ ಲೆಕ್ಕ ತಿರುಗಿ ನಿಂತಿದೆ. ಹೆಣ್ಣು ಬೆಕ್ಕು ಆರು ತಿಂಗಳಿಗೆಲ್ಲ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 65 ದಿನ. ವರುಷಕ್ಕೆ ಎರಡು ಮೂರು ಸಲ, ಸಲಕ್ಕೆ ಮೂರು ನಾಲ್ಕು ಮರಿಯಂತೆ ಹಿಡಿದರೂ ಓಣಿಯಲ್ಲಿ ಅಂಥ ಐದು ಬೆಕ್ಕುಗಳಿದ್ದರೆ ವರುಷಕ್ಕೆ ಹತ್ತಿರ ಹತ್ತಿರ 40 ಮರಿಗಳು. ಅಷ್ಟು ಬೆಕ್ಕುಗಳು ನಮ್ಮ ಓಣಿಯಲ್ಲಿ ಕಾಣುವುದಿಲ್ಲ. ಉಳಿದವು ಏನಾದವೆಂದು ಯಾರೂ ಕೇಳುವುದಿಲ್ಲ. ರಸ್ತೆ, ನಾಯಿ, ರೋಗ, ಗೋಣಿಚೀಲ, ಇವೇ ಇಂದಿಗೂ ನಮ್ಮ ಸಂತಾನ ನಿಯಂತ್ರಣದ ನಿಯಮಗಳು.

ಪರದೇಶಗಳು ಈ ಗಂಟನ್ನು ಬಗೆಬಗೆಯಾಗಿ ಬಿಚ್ಚಲು ನೋಡಿವೆ. ಪಶ್ಚಿಮ ಆಸ್ಟ್ರೇಲಿಯ ರಾಜ್ಯದಲ್ಲಿ 2013ರ ನವೆಂಬರದಿಂದ, ಆರು ತಿಂಗಳು ತುಂಬಿದ ಪ್ರತಿ ಬೆಕ್ಕಿಗೂ ಶಸ್ತ್ರಚಿಕಿತ್ಸೆ ಮಾಡಿಸಿ ಹೆಸರು ನೋಂದಾಯಿಸಬೇಕೆಂಬ ಕಟ್ಟಳೆಯಿದೆ. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಜರ್ಮನಿಯ ಪಾಡರ್‌ಬಾರ್ನ್ ಎಂಬ ನಗರ 2008ರಲ್ಲಿ ಮಾಡಿದ ನಿಯಮ. ಹೊರಗೆ ತಿರುಗಾಡುವ ಬೆಕ್ಕಿಗೆ ಅದರ ಒಡೆಯನು ಶಸ್ತ್ರಚಿಕಿತ್ಸೆ ಮಾಡಿಸಲೇಬೇಕು ಎಂದಿತು ಆ ನಿಯಮ. ಒಡೆಯನೆಂದರೆ ಯಾರು ಎಂಬುದಕ್ಕೆ, ತಿರುಗಾಡುವ ಬೆಕ್ಕಿಗೆ ದಿನವೂ ಆಹಾರವಿಡುವವನೂ ಒಡೆಯನೇ ಎಂದಿತು. ಹಾಲು ಹಾಕಿದ ಕೈಯೇ ಹೊಣೆಯ ಕೈ. ಕಾಕುವಿಗೂ ನನಗೂ ನಡೆದ ವಾದಕ್ಕೆ ತೀರ್ಪು ಸಿಕ್ಕಂತಾಯಿತು.

ಹಾಗೆಂದು ಇಂಥ ಕಟ್ಟಳೆಯನ್ನು ನಾಳೆಯೇ ನಮ್ಮಲ್ಲಿ ಜಾರಿಗೆ ತಂದು ದಂಡ ವಸೂಲು ಮಾಡಬೇಕೆಂದು ನಾನು ಹೇಳಲಾರೆ. ಪಶು ಚಿಕಿತ್ಸಾಲಯವನ್ನು ನಮ್ಮ ಜನ ಇಂದಿಗೂ ದನದ ದವಾಖಾನೆ ಎಂದೇ ಕರೆಯುತ್ತಾರೆ. ಆ ಹೆಸರಿನಲ್ಲಿಯೇ ಬೆಕ್ಕಿಗೆ ಎಡೆಯಿಲ್ಲ. ದುಡಿದು ತಿನ್ನುವ ಮನೆಯವರು ಬೆಕ್ಕಿಗಾಗಿ ಒಂದು ದಿನದ ಕೂಲಿ ಬಿಟ್ಟು ದೂರದ ಊರಿಗೆ ಹೋಗಬೇಕೆಂದರೆ, ಅವರು ಮಾಡುವುದಿಷ್ಟೆ: ದಂಡದ ಭಯಕ್ಕೆ ಹಾಲು ಹಾಕುವುದನ್ನು ನಿಲ್ಲಿಸುತ್ತಾರೆ. ಮೊದಲು ಊರೂರಿಗೆ ಶಸ್ತ್ರಚಿಕಿತ್ಸೆಯ ಶಿಬಿರ ಬರಲಿ, ಕಟ್ಟಳೆ ಅದರ ಹಿಂದೆ ಬರಲಿ.

ತಾಯ್ತನವನ್ನು ಕಿತ್ತುಕೊಳ್ಳುವುದು ಪಾಪವಲ್ಲವೆ ಎಂದು ಕೇಳುವವರಿದ್ದಾರೆ. ಆಯಿ ಇದ್ದಿದ್ದರೆ ಅವಳೂ ಕೇಳುತ್ತಿದ್ದಳು. ಸುಲಭದ ಉತ್ತರ ನನ್ನಲ್ಲಿಲ್ಲ. ಒಂದು ತಟ್ಟೆಯಲ್ಲಿ ವೈದ್ಯನ ಕತ್ತಿಯನ್ನೂ ಇನ್ನೊಂದರಲ್ಲಿ ಆ ಗೋಣಿಚೀಲವನ್ನೂ ಇಟ್ಟು ತೂಗಿದಾಗ ಚೀಲವೇ ಭಾರವಾಗಿ ಕೆಳಗಿಳಿಯಿತು, ಅಷ್ಟೆ.

ಮರಿಗಳಲ್ಲಿ ಒಂದು ಗಂಡುಬೆಕ್ಕಿನ ಬಾಯಿಗೆ ಹೋಯಿತು. ಎರಡನ್ನು ಹಳೆಯ ವಿದ್ಯಾರ್ಥಿಯೊಬ್ಬನು ಕಬ್ಬಿನ ಹೊಲದ ಮನೆಗೆ ಒಯ್ದನು. ಎರಡು ನಮ್ಮಲ್ಲಿಯೇ ಉಳಿದವು. ಅವು ಹಾಲು ಬಿಟ್ಟ ಮೇಲೆ, ತಾಯಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಸುಮಾರು 50 ಕಿಲೋಮೀಟರು ದೂರದ ಬೆಳಗಾವಿಗೆ ಬಸ್ಸು ಹತ್ತಿದೆ. ಅಲ್ಲಿಯ ಪಶುವೈದ್ಯರ ಸಹಾಯಕ ದಪ್ಪ ಪುಸ್ತಕವೊಂದನ್ನು ತೆರೆದು, "ಮಾಲಕರ ಹೆಸರ್ರೀ?" ಎಂದು ಕೇಳಿದ. ಅರೆಗಳಿಗೆ ತಡೆದೆ. ಅನಂತರ ನನ್ನ ಹೆಸರನ್ನೇ ಹೇಳಿದೆ.

ಸಂಜೆ ಮರಳಿದಾಗ ಕಾಕು ಬಾಗಿಲಲ್ಲಿಯೇ ನಿಂತಿದ್ದರು. ಬುಟ್ಟಿಯೊಳಗೆ ಇಣುಕಿ ನೋಡಿ, ಖರ್ಚೆಷ್ಟಾಯಿತೆಂದು ಕೇಳಿ, ಸೆರಗಿನ ಗಂಟು ಬಿಚ್ಚಿದರು. "ಅರ್ಧಾ ನಂದೂ ಇರ್ಲಿ ಮಾಸ್ತರ. ಇಲಿ ನಮ್ಮನ್ಯಾಗೂ ಹಿಡೀತೈತಿ."